ಫ್ರೀ ಸೀಟಿನಿಂದ ಶುಲ್ಕ ರಿಯಾಯಿತಿಯವರೆಗೆ: ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಪ್ರತಿಭೆ ಮತ್ತು ಅಗತ್ಯ

ಉಚ್ಚಂಗಿದುರ್ಗದ ಸುತ್ತಲಿನ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಮತ್ತು ಹೂವಿನಹಡಗಲಿ ತಾಲೂಕುಗಳ ವಿದ್ಯಾರ್ಥಿಗಳು ಹಾಗೂ ಪಾಲಕರ ಮುಂದೆ ಉನ್ನತ ಶಿಕ್ಷಣದ ವೆಚ್ಚವನ್ನು ಕುರಿತು ಮಾತನಾಡುವಂತೆ ದತ್ತಿ ಸಮಿತಿ ಈ ಉಪನ್ಯಾಸಕ್ಕೆ ಆಹ್ವಾನಿಸಿದೆ. ತಮ್ಮ ಗಳಿಕೆಯ ಒಂದು ಭಾಗವನ್ನು ಇಡುಗಂಟಾಗಿ ಇರಿಸಿ, ಅದರ ಬಡ್ಡಿಯಿಂದ ಪ್ರತಿವರ್ಷ ಊರಿನಲ್ಲಿ ವಿದ್ಯೆಯ ಮಾತು ನಡೆಯುತ್ತಿರಲಿ ಎಂದು ಬಯಸಿದ ಹಿರಿಯರ ಹೆಸರಿನಲ್ಲಿ ನಡೆಯುವ ಈ ಉಪನ್ಯಾಸಕ್ಕೆ ವಿದ್ಯಾರ್ಥಿ ನೆರವಿನ ವಿಷಯಕ್ಕಿಂತ ಹತ್ತಿರದ ವಿಷಯ ಬೇರೊಂದಿರಲಾರದು.

ವಿಷಯದ ಮೂಲ ವಿಂಗಡಣೆ ಸರಳವಾದದ್ದು. ಅಂಕ, ರ್‍ಯಾಂಕ್, ಪ್ರವೇಶ ಪರೀಕ್ಷೆಯ ಸ್ಥಾನ ಇವುಗಳನ್ನಷ್ಟೇ ನೋಡಿ, ಮನೆಯ ಸ್ಥಿತಿಗತಿಯನ್ನು ಕೇಳದೆ ಕೊಡುವುದು ಪ್ರತಿಭಾ ವೇತನ; ಪ್ರವೇಶ ಪಡೆದ ವಿದ್ಯಾರ್ಥಿಯ ಕುಟುಂಬ ಎಷ್ಟು ಭರಿಸಬಲ್ಲದೆಂದು ಲೆಕ್ಕ ಹಾಕಿ, ಓದಿನ ಒಟ್ಟು ವೆಚ್ಚಕ್ಕೂ ಆ ಮೊತ್ತಕ್ಕೂ ನಡುವೆ ಉಳಿಯುವ ಅಂತರವನ್ನು ಸಂಸ್ಥೆ ತುಂಬಿಕೊಡುವುದು ಅಗತ್ಯಾಧಾರಿತ ನೆರವು. ಎರಡನ್ನೂ ಬೆಸೆದು, ಆದಾಯದ ಮಿತಿಯೊಳಗಿರುವವರಲ್ಲಿ ಹೆಚ್ಚು ಅಂಕ ಪಡೆದವರನ್ನು ಆರಿಸುವ ಮೂರನೆಯ ಬಗೆಯೂ ಇದ್ದು, ಎಂಟನೆಯ ತರಗತಿಯಲ್ಲಿ ಪರೀಕ್ಷೆ ನಡೆಸಿ ಆಯ್ಕೆಯಾದ ಮಕ್ಕಳಿಗೆ ದ್ವಿತೀಯ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ ಕೊಡುವ ಎನ್‌ಎಂಎಂಎಸ್ ಯೋಜನೆ ಅದಕ್ಕೆ ಪರಿಚಿತ ಉದಾಹರಣೆಯಾಗಿದೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವರ್ಷಕ್ಕೆ ಹತ್ತು ತಿಂಗಳು ಬರುವ ವಿದ್ಯಾಸಿರಿ, 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ಇವುಗಳ ನಿಯಮಗಳು ಸರ್ಕಾರದ ಎಸ್‌ಎಸ್‌ಪಿ ತಂತ್ರಾಂಶದಲ್ಲೂ ತಾಲೂಕು ಕಚೇರಿಗಳಲ್ಲೂ ದೊರೆಯುವುದರಿಂದ ಇಲ್ಲಿ ಅವುಗಳ ವಿವರಣೆಗೆ ಹೋಗಬೇಕಾಗಿಲ್ಲ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಈ ಪ್ರದೇಶಕ್ಕೆ ದೊರೆತಿರುವ ಸೀಟು ಮೀಸಲಾತಿಯೂ ಇಲ್ಲಿನ ಚರ್ಚೆಯ ಹೊರಗಿದೆ. ಆ ಮೀಸಲಾತಿ ಬಾಗಿಲು ತೆರೆಯುತ್ತದೆ, ಒಳಗೆ ಹೋದ ಮೇಲೆ ಕಟ್ಟಬೇಕಾದ ಶುಲ್ಕದ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಪ್ರಸ್ತುತ ಉಪನ್ಯಾಸದ ವಾದವನ್ನು ಮೊದಲೇ ಹೇಳಿಬಿಡುವುದು ಉಚಿತ. ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳು ಪ್ರತಿಭಾ ವೇತನವೆಂದು ಕರೆಯುವುದರಲ್ಲಿ ಬಹುಪಾಲು ಬೆಲೆಯ ರಿಯಾಯಿತಿಯಾಗಿದ್ದು, ಅದರ ಹೊರೆ ರ್‍ಯಾಂಕ್ ಪಡೆಯದ ವಿದ್ಯಾರ್ಥಿಗಳ ಮೇಲೆ ಬೀಳುತ್ತದೆ. ಇಂಥ ವ್ಯವಸ್ಥೆಯನ್ನು ಕರ್ನಾಟಕ 1993ರಿಂದ 2002ರವರೆಗೆ ಫ್ರೀ ಸೀಟು ಮತ್ತು ಪೇಮೆಂಟ್ ಸೀಟುಗಳ ರೂಪದಲ್ಲಿ ಒಮ್ಮೆ ನಡೆಸಿ ಫಲ ಕಂಡಿದ್ದರೂ ಆ ಅನುಭವದ ಪಾಠವನ್ನು ಇಂದಿನ ಚರ್ಚೆ ನೆನೆಯುವುದು ಅಪರೂಪ.

ಫ್ರೀ ಸೀಟಿಗೆ ಮುಂಚಿನ ಕಥೆಯನ್ನು ಸಂಕ್ಷೇಪವಾಗಿಯಾದರೂ ನೆನೆಯಬೇಕು. ಈ ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿದ್ದುದರಿಂದ ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನಗಳು ಇಲ್ಲಿನವರಿಗೆ ದಕ್ಕಿದವಲ್ಲ. ಬಡ ಹುಡುಗರನ್ನು ಓದಿಸಿದ್ದು ಮಠಗಳ ಉಚಿತ ಪ್ರಸಾದ ನಿಲಯಗಳು, ಜಾತಿ ಸಂಘಗಳ ಬೋರ್ಡಿಂಗುಗಳು ಮತ್ತು ವಾರಕ್ಕೊಂದು ದಿನದಂತೆ ಒಂದೊಂದು ಮನೆಯಲ್ಲಿ ಉಣ್ಣುವ ವಾರಾನ್ನದ ಪದ್ಧತಿ. ಉತ್ತರ ಕರ್ನಾಟಕದಲ್ಲಿ ಶಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ಓದಿಗೆ ಬಿಟ್ಟುಹೋದರು. ಈ ಎಲ್ಲ ನೆರವುಗಳಲ್ಲಿ ಮೊದಲು ಕೇಳುತ್ತಿದ್ದ ಪ್ರಶ್ನೆ ಹುಡುಗನಿಗೆ ಊಟಕ್ಕೆ ಗತಿಯಿದೆಯೇ ಎಂಬುದಾಗಿತ್ತು. ಅಂಕಪಟ್ಟಿಯ ಪ್ರಶ್ನೆ ಆಮೇಲಿನದು. ಆ ನೆರವು ಬಹುತೇಕ ಜಾತಿಯ ಗಡಿಯೊಳಗೆ ಹರಿಯಿತೆಂಬ ಕೊರತೆಯನ್ನೂ ಇಲ್ಲಿ ದಾಖಲಿಸಬೇಕು, ಏಕೆಂದರೆ ಬೋರ್ಡಿಂಗು ಕಟ್ಟುವಷ್ಟು ಬಲವಿಲ್ಲದ ಸಮುದಾಯಗಳ ಮಕ್ಕಳು ಸರ್ಕಾರಿ ಹಾಸ್ಟೆಲುಗಳು ಬರುವವರೆಗೆ ಕಾಯಬೇಕಾಯಿತು.

ಮೈಸೂರು ಸಂಸ್ಥಾನದಲ್ಲಿ ನಡೆದ ವಾದವೂ ಇಲ್ಲಿ ಸಂಬಂಧಪಡುತ್ತದೆ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳ ಪ್ರಾತಿನಿಧ್ಯವನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದಾಗ ದಿವಾನ್ ವಿಶ್ವೇಶ್ವರಯ್ಯನವರು ಸಮುದಾಯ ನೋಡಿ ಹುದ್ದೆ ಕೊಡುವ ಆ ದಾರಿಯನ್ನು ಒಪ್ಪದೆ ಹುದ್ದೆಯಿಂದ ಹೊರನಡೆದರು. ಪ್ರತಿಭೆಯ ಪಕ್ಷವನ್ನು ಹಿಡಿಯುವವರು ಇಂದಿಗೂ ಅವರ ಹೆಸರನ್ನು ಮುಂದಿಡುತ್ತಾರೆ. ಆದರೆ ಅವರ ವಿದ್ಯಾಭ್ಯಾಸದ ದಾಖಲೆ ಬೇರೆಯದನ್ನೂ ಹೇಳುತ್ತದೆ: ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸುತ್ತಿದ್ದ ಯುವಕ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರ ಕೊಟ್ಟ ವಿದ್ಯಾರ್ಥಿವೇತನದಿಂದ. ಪ್ರತಿಭೆ ಅವರಲ್ಲಿ ಮೊದಲೇ ಇತ್ತು; ಅದನ್ನು ಪುಣೆಯವರೆಗೆ ಒಯ್ದದ್ದು ಹಣ. ಆ ಹಣ ತಲುಪಿದ್ದು ಅದು ಬೇಕಾಗಿದ್ದವರಿಗೆ ಎಂಬ ಸಂಗತಿಯನ್ನು ಬಿಟ್ಟು ಅವರನ್ನು ಬರಿಯ ಅಂಕದ ಸಾಕ್ಷಿಯಾಗಿ ಕರೆತರುವುದು ಅವರ ಜೀವನಕ್ಕೆ ಮಾಡುವ ನ್ಯಾಯವಲ್ಲ.

ಈಗ ಮುಖ್ಯ ವಿಷಯಕ್ಕೆ ಬರಬಹುದು. ಎಪ್ಪತ್ತು ಮತ್ತು ಎಂಬತ್ತರ ದಶಕಗಳಲ್ಲಿ ಕರ್ನಾಟಕದಲ್ಲಿ ಖಾಸಗಿ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳು ಬೆಳೆದಂತೆ, ಪ್ರವೇಶಕ್ಕೆ ಪ್ರತಿಯಾಗಿ ಶುಲ್ಕದ ಹೊರಗೆ ಪಡೆಯುವ ಕ್ಯಾಪಿಟೇಷನ್ ಹಣವೂ ಬೆಳೆಯಿತು. ಅದನ್ನು ನಿಷೇಧಿಸಲು ರಾಜ್ಯ 1984ರಲ್ಲಿ ಕಾಯ್ದೆ ಮಾಡಿತು. ಆ ಕಾಯ್ದೆಯಡಿ ಹೊರಟ 1989ರ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ಮೂರು ದರಗಳನ್ನು ಗೊತ್ತುಪಡಿಸಿತು. ತುಮಕೂರಿನ ಕಾಲೇಜೊಂದರ ಪ್ರವೇಶದಿಂದ ಹುಟ್ಟಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ ಈ ಏರ್ಪಾಡನ್ನು ತಳ್ಳಿಹಾಕಿತು. ಮರುವರ್ಷದ ಫೆಬ್ರವರಿಯಲ್ಲಿ ಬಂದ ಉನ್ನಿಕೃಷ್ಣನ್ ತೀರ್ಪು ಹೊಸ ಯೋಜನೆಯೊಂದನ್ನು ರೂಪಿಸಿ, ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧದಷ್ಟು ಸೀಟುಗಳನ್ನು ಸರ್ಕಾರಿ ಕಾಲೇಜಿನ ಶುಲ್ಕಕ್ಕೆ ಫ್ರೀ ಸೀಟುಗಳಾಗಿಯೂ ಉಳಿದರ್ಧವನ್ನು ಹೆಚ್ಚಿನ ಶುಲ್ಕದ ಪೇಮೆಂಟ್ ಸೀಟುಗಳಾಗಿಯೂ ವಿಂಗಡಿಸಿ, ಎರಡನ್ನೂ ಅರ್ಹತಾ ಕ್ರಮದಲ್ಲೇ ತುಂಬಬೇಕೆಂದು ವಿಧಿಸಿತು. 1994ರಲ್ಲಿ ಆರಂಭವಾದ ಸಿಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಈ ವಿಂಗಡಣೆಯನ್ನು ನಡೆಸುವ ಯಂತ್ರವಾಯಿತು.

ಈ ಯೋಜನೆಯ ಲೆಕ್ಕವನ್ನು ಕಲ್ಪಿತ ಸಂಖ್ಯೆಗಳಿಂದ ತೋರಿಸಬಹುದು. ನೂರು ಸೀಟುಗಳ ಕಾಲೇಜೊಂದರಲ್ಲಿ ಒಬ್ಬ ವಿದ್ಯಾರ್ಥಿಯ ಓದಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ ತಗಲುತ್ತದೆಂದೂ ಫ್ರೀ ಸೀಟಿನ ಶುಲ್ಕ ಹತ್ತು ಸಾವಿರವೆಂದೂ ಇಟ್ಟುಕೊಂಡರೆ, ಐವತ್ತು ಫ್ರೀ ಸೀಟುಗಳಿಂದ ಬರುವುದು ಐದು ಲಕ್ಷ; ಉಳಿದ ತೊಂಬತ್ತೈದು ಲಕ್ಷವನ್ನು ಐವತ್ತು ಪೇಮೆಂಟ್ ಸೀಟುಗಳ ಮಕ್ಕಳು ಹೊರಬೇಕಾಗಿ ಒಬ್ಬೊಬ್ಬರಿಗೂ ಒಂದು ಲಕ್ಷ ತೊಂಬತ್ತು ಸಾವಿರ ಬೀಳುತ್ತದೆ. ಅಂದರೆ ಮೊದಲ ಐವತ್ತು ರ್‍ಯಾಂಕಿನವರ ಓದಿನ ವೆಚ್ಚವನ್ನು ನಂತರದ ಐವತ್ತು ರ್‍ಯಾಂಕಿನವರ ತಂದೆತಾಯಿಯರು ಕಟ್ಟುತ್ತಾರೆ. ಹಾಗಾದರೆ ಮೊದಲ ಐವತ್ತರಲ್ಲಿ ಇರುವವರು ಯಾರು, ನಂತರದ ಐವತ್ತರಲ್ಲಿ ಇರುವವರು ಯಾರು ಎಂಬುದೇ ಇಡೀ ಪ್ರಶ್ನೆಯ ತಿರುಳು.

ಇದಕ್ಕೆ ಉತ್ತರ ಕೊಟ್ಟದ್ದು ಕರ್ನಾಟಕದಿಂದಲೇ ಹೋದ ಮತ್ತೊಂದು ಪ್ರಕರಣ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರ ಅಕ್ಟೋಬರ್ 31ರಂದು ತೀರ್ಪು ನೀಡಿದ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಉನ್ನಿಕೃಷ್ಣನ್ ಯೋಜನೆಯನ್ನು ಕೈಬಿಟ್ಟಿತು. ಬಹುಮತದ ತೀರ್ಪಿನಲ್ಲಿ ದಾಖಲಾಗಿರುವ ಒಂದು ಕಾರಣ ಈ ಉಪನ್ಯಾಸಕ್ಕೆ ಬಹಳ ಮುಖ್ಯವಾದದ್ದು: ಖಾಸಗಿ ಶಾಲೆಗಳಲ್ಲಿ ಓದಿದ ಅನುಕೂಲಸ್ಥ ಮನೆಯ ಮಕ್ಕಳು ಪ್ರವೇಶ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಗಳಿಸಿ ಫ್ರೀ ಸೀಟು ಪಡೆದರೆ, ಅಷ್ಟು ಅನುಕೂಲವಿಲ್ಲದ ಮನೆಯ ಮಕ್ಕಳು ಕೆಳಗಿನ ಸ್ಥಾನಗಳಲ್ಲಿದ್ದು ಪೇಮೆಂಟ್ ಸೀಟಿಗೆ ಹಣ ಕಟ್ಟುವಂತಾಯಿತು ಎಂದು ಪೀಠ ಗುರುತಿಸಿತು. ಬಡವರಿಗೆ ಅನುಕೂಲವಾಗಲೆಂದು ಹೊರಟ ಯೋಜನೆ ಬಡವರಿಂದ ಪಡೆದು ಉಳ್ಳವರಿಗೆ ಕೊಡುವ ಯೋಜನೆಯಾಗಿ ತಿರುಗಿತ್ತು.

ಫ್ರೀ ಸೀಟನ್ನು ಇಂದಿಗೂ ಸಮರ್ಥಿಸುವ ಶಿಕ್ಷಣತಜ್ಞರು ಕಡಿಮೆಯಿಲ್ಲ. ಹಳ್ಳಿಗಾಡಿನಿಂದ ಬಂದು ಸಿಇಟಿಯಲ್ಲಿ ರ್‍ಯಾಂಕ್ ಪಡೆದು, ಜಮೀನು ಮಾರದೆ ಡಾಕ್ಟರಾದ ಮೊದಲ ತಲೆಮಾರಿನವರನ್ನು ಅವರು ತೋರಿಸುತ್ತಾರೆ. ಅಂಥವರು ಈ ತಾಲೂಕುಗಳಲ್ಲೂ ಇದ್ದಾರೆ, ಅವರ ಸಾಧನೆಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಆದರೆ ಈ ಸಮರ್ಥನೆ ಫ್ರೀ ಸೀಟಿನ ಫಲಾನುಭವಿಗಳನ್ನಷ್ಟೇ ಎಣಿಸುತ್ತದೆ, ಪಕ್ಕದ ಬೆಂಚಿನಲ್ಲಿ ಕುಳಿತು ಅವರ ಪಾಲನ್ನೂ ಕಟ್ಟಿದವರನ್ನು ಎಣಿಸುವುದಿಲ್ಲ. ಫ್ರೀ ಸೀಟು ಸಿಕ್ಕ ಬಡ ವಿದ್ಯಾರ್ಥಿಗೆ ಅದು ಸಿಕ್ಕಿದ್ದು ಬಡವನೆಂಬ ಕಾರಣಕ್ಕಲ್ಲ. ಅದೇ ರ್‍ಯಾಂಕಿನ ಬೆಂಗಳೂರಿನ ಉದ್ಯಮಿಯ ಮಗನಿಗೂ ಅಷ್ಟೇ ರಿಯಾಯಿತಿ ಸಿಕ್ಕಿತು. ಬಡ ವಿದ್ಯಾರ್ಥಿಗೆ ಆದ ಉಪಕಾರ ಆ ಯೋಜನೆಯಲ್ಲಿ ಆಕಸ್ಮಿಕ, ಉದ್ಯಮಿಯ ಮನೆಗೆ ಆದ ಲಾಭ ಖಚಿತ.

ಇಂದಿನ ಖಾಸಗಿ ವಿಶ್ವವಿದ್ಯಾಲಯಗಳು ಬಹುಪಾಲು 2010ರ ನಂತರ ವಿಧಾನಮಂಡಲದ ಪ್ರತ್ಯೇಕ ಕಾಯ್ದೆಗಳಿಂದ ಹುಟ್ಟಿದವು. ವೃತ್ತಿಪರ ಕೋರ್ಸುಗಳ ಶೇಕಡ 40ರಷ್ಟು ಸೀಟುಗಳು ಸಿಇಟಿಯ ಮೂಲಕ ಸರ್ಕಾರದ ದರಕ್ಕೆ ಹೋದರೆ, ಉಳಿದವು ಆಯಾ ವಿಶ್ವವಿದ್ಯಾಲಯ ಗೊತ್ತುಪಡಿಸಿದ ಶುಲ್ಕಕ್ಕೆ ಹೋಗುತ್ತವೆ. ಪ್ರತಿಭಾ ವೇತನದ ಪಟ್ಟಿಗಳು ಕಾಣಿಸಿಕೊಳ್ಳುವುದು ಈ ಉಳಿದ ಸೀಟುಗಳಲ್ಲಿ: ಪ್ರವೇಶ ಪರೀಕ್ಷೆಯಲ್ಲಿ ಇಂತಿಷ್ಟು ರ್‍ಯಾಂಕಿನೊಳಗೆ ಬಂದವರಿಗೆ ಬೋಧನಾ ಶುಲ್ಕ ಪೂರ್ತಿ ಮಾಫಿ, ಅದರ ಕೆಳಗಿನ ಹಂತಕ್ಕೆ ಅರ್ಧ, ಇನ್ನೂ ಕೆಳಗಿನದಕ್ಕೆ ಕಾಲುಭಾಗ. ಇಂಥ ಪಟ್ಟಿಯನ್ನು ಓದುವಾಗ ಪಾಲಕರು ಎರಡು ಸಾಲುಗಳನ್ನು ಹುಡುಕಬೇಕು. ಮೊದಲನೆಯದು, ಮಾಫಿ ಅನ್ವಯಿಸುವುದು ಬೋಧನಾ ಶುಲ್ಕಕ್ಕೆ ಮಾತ್ರವೇ ಅಥವಾ ಹಾಸ್ಟೆಲ್ ಬಾಡಿಗೆ ಮತ್ತು ಮೆಸ್ ಬಿಲ್ಲಿಗೂ ಸೇರಿಯೇ ಎಂಬ ಸಾಲು. ನಾಲ್ಕು ಲಕ್ಷದ ಶುಲ್ಕದಲ್ಲಿ ಕಾಲುಭಾಗ ಮಾಫಿಯಾದರೂ ಮೂರು ಲಕ್ಷ ಉಳಿಯುತ್ತದೆ, ಅದರ ಮೇಲೆ ವಸತಿ ಮತ್ತು ಊಟದ ಖರ್ಚು ಬೇರೆ. ನಾಲ್ಕು ಲಕ್ಷ ಕಟ್ಟಬಲ್ಲವರಿಗೆ ಮೂರು ಲಕ್ಷ ಸಂತೋಷದ ಸುದ್ದಿಯಾದರೆ ಕಟ್ಟಲಾಗದವರಿಗೆ ಎರಡೂ ಒಂದೇ. ಎರಡನೆಯದು ಮುಂದುವರಿಕೆಯ ಷರತ್ತು, ಅಂದರೆ ಪ್ರತಿ ವರ್ಷವೂ ಗೊತ್ತುಪಡಿಸಿದ ಸಿಜಿಪಿಎ ಉಳಿಸಿಕೊಂಡರೆ ಮಾತ್ರ ಮಾಫಿ ಮುಂದುವರಿಯುತ್ತದೆ ಎಂಬ ಸಾಲು.

ಈ ಎರಡನೆಯ ಸಾಲಿನ ಪರಿಣಾಮ ಕನ್ನಡ ಮಾಧ್ಯಮದಿಂದ ಬಂದವರ ಮೇಲೆ ಬೇರೆ ರೀತಿ ಆಗುತ್ತದೆ. ಕೊಟ್ಟೂರಿನ ಅಥವಾ ಹಡಗಲಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡದಲ್ಲಿ ವಿಜ್ಞಾನ ಓದಿದ ವಿದ್ಯಾರ್ಥಿನಿ ಮೊದಲ ಸೆಮಿಸ್ಟರಿನಲ್ಲಿ ಎಡವುವುದು ಬುದ್ಧಿಯ ಕೊರತೆಯಿಂದಲ್ಲ. ಇಂಗ್ಲಿಷಿನ ಉಪನ್ಯಾಸ, ಇಂಗ್ಲಿಷಿನ ಪ್ರಯೋಗಾಲಯ ದಾಖಲೆ, ಅಪರಿಚಿತ ನಗರ, ಮನೆಯ ನೆನಪು ಇವೆಲ್ಲವೂ ಒಂದೇ ಸಲ ಮೇಲೆ ಬೀಳುವುದರಿಂದ. ಮೂರನೆಯ ಸೆಮಿಸ್ಟರಿನ ಹೊತ್ತಿಗೆ ಆಕೆ ಚೇತರಿಸಿಕೊಂಡರೂ, ಮೊದಲ ವರ್ಷದ ಅಂಕಕ್ಕೆ ಕಟ್ಟಿದ ವೇತನ ಅಷ್ಟರಲ್ಲೇ ನಿಂತಿರುತ್ತದೆ. ಅಗತ್ಯ ನೋಡಿ ಕೊಟ್ಟ ನೆರವಿಗೂ ಕೆಲವು ಸಂಸ್ಥೆಗಳು ಇದೇ ಷರತ್ತನ್ನು ಅಂಟಿಸುತ್ತವೆ. ಮನೆಯ ಬಡತನ ಮೊದಲ ಸೆಮಿಸ್ಟರಿನ ಫಲಿತಾಂಶದಿಂದ ಕಡಿಮೆಯಾಗುವುದಿಲ್ಲವಾದ್ದರಿಂದ, ಎಲ್ಲರಿಗೂ ಇರುವ ತೇರ್ಗಡೆಯ ಮಟ್ಟಕ್ಕಿಂತ ಹೆಚ್ಚಿನದನ್ನು ಬಡ ವಿದ್ಯಾರ್ಥಿಯಿಂದ ಮಾತ್ರ ಕೇಳುವ ಈ ನಿಯಮವನ್ನು ತೆಗೆದುಹಾಕಬೇಕು.

ಪ್ರತಿಭಾ ವೇತನದ ಪರವಾಗಿ ಇರುವ ಅತ್ಯಂತ ಗಟ್ಟಿಯಾದ ವಾದವೆಂದರೆ ಆದಾಯ ಪ್ರಮಾಣ ಪತ್ರವನ್ನು ನಂಬಲಾಗದು, ಅಂಕಪಟ್ಟಿಯನ್ನು ನಂಬಬಹುದು ಎಂಬುದು. ಈ ವಾದದ ಮೊದಲ ಭಾಗದಲ್ಲಿ ಸತ್ಯವಿದೆ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ಮೇಲೆ ಗ್ರಾಮ ಆಡಳಿತಾಧಿಕಾರಿಯ ವರದಿ, ರಾಜಸ್ವ ನಿರೀಕ್ಷಕರ ಶಿಫಾರಸು, ತಹಶೀಲ್ದಾರ್ ಕಚೇರಿಯ ಮಂಜೂರಾತಿ ಇವುಗಳನ್ನು ದಾಟಿ, ಆರ್.ಡಿ. ಸಂಖ್ಯೆಯೊಂದಿಗೆ ಹೊರಬರುವ ಆ ಪತ್ರ ಕುಟುಂಬದ ಬದುಕನ್ನು ಒಂದೇ ಒಂದು ಮೊತ್ತಕ್ಕೆ ಇಳಿಸಿ, ಆ ಮೊತ್ತಕ್ಕೆ ಐದು ವರ್ಷಗಳ ಮಾನ್ಯತೆ ಕೊಡುತ್ತದೆ. ಈ ಭಾಗದ ಮಳೆಯಾಶ್ರಿತ ಬೇಸಾಯದಲ್ಲಿ ಐದು ವರ್ಷಗಳ ಆದಾಯ ಒಂದೇ ಸಂಖ್ಯೆಯಲ್ಲಿ ನಿಲ್ಲುವುದು ಅಸಾಧ್ಯ: ಮೆಕ್ಕೆಜೋಳ ಒಂದು ವರ್ಷ ಕೈಹಿಡಿದರೆ ಇನ್ನೊಂದು ವರ್ಷ ಸುಳಿಯಲ್ಲೇ ಒಣಗುತ್ತದೆ, ಈರುಳ್ಳಿಗೆ ಬೆಲೆ ಬಂದ ವರ್ಷ ಸಾಲ ತೀರಿದರೆ ಬೆಲೆ ಬಿದ್ದ ವರ್ಷ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಕಡೆಯ ತಾಂಡಾಗಳಿಂದ ಕಾಫಿ ತೋಟಗಳಿಗೂ ಮಂಡ್ಯದ ಕಬ್ಬಿನ ಗದ್ದೆಗಳಿಗೂ ಗುಳೆ ಹೋಗುವ ಕುಟುಂಬಗಳ ಆದಾಯವಂತೂ, ಮುಂಗಡ ಪಡೆದು ದುಡಿದು ತೀರಿಸುವ ಲೆಕ್ಕವಾದ್ದರಿಂದ, ಯಾವ ನಮೂನೆಯ ಅಂಕಣದಲ್ಲೂ ಸರಿಯಾಗಿ ಕೂರುವುದಿಲ್ಲ. ಅನುಕೂಲಸ್ಥರು ಕಡಿಮೆ ಆದಾಯ ತೋರಿಸಿ ಪತ್ರ ಪಡೆಯುವ ದೂರೂ ಹೊಸದಲ್ಲ.

ಇಷ್ಟನ್ನೂ ಒಪ್ಪಿದ ಮೇಲೆ ಆ ವಾದದ ಎರಡನೆಯ ಭಾಗ ನಿಲ್ಲುವುದಿಲ್ಲ. ಅಳತೆಗೋಲು ಸರಿಯಿಲ್ಲವೆಂದರೆ ಅಳತೆಗೋಲನ್ನು ತಿದ್ದಬೇಕೇ ಹೊರತು ಅಳೆಯುವುದನ್ನೇ ಬಿಟ್ಟು ಬೇರೊಂದನ್ನು ಅಳೆಯತೊಡಗಿದರೆ ಪ್ರಯೋಜನವಿಲ್ಲ. ಅಂಕಪಟ್ಟಿಯೂ ಕೋಚಿಂಗ್ ಕೇಂದ್ರಕ್ಕೆ ಕಟ್ಟಿದ ಹಣವನ್ನು, ಮನೆಯಲ್ಲಿನ ಓದುವ ಕೋಣೆಯನ್ನು, ತಂದೆತಾಯಿಯರ ವಿದ್ಯೆಯನ್ನು ತನ್ನೊಳಗೆ ಅಡಗಿಸಿಕೊಂಡಿರುತ್ತದೆ. ಅವುಗಳನ್ನು ತೋರಿಸುವ ಅಂಕಣ ಅದರಲ್ಲಿಲ್ಲ ಅಷ್ಟೆ. ಅಗತ್ಯವನ್ನು ಅಳೆಯಲು ಬೇರೆ ಗುರುತುಗಳು ಲಭ್ಯವಿವೆ: ನೀರಾವರಿಯ ಜಮೀನೋ ಖುಷ್ಕಿಯೋ ಎಂಬುದನ್ನು ಪಹಣಿಯೇ ಹೇಳುತ್ತದೆ, ವಿದ್ಯಾರ್ಥಿ ಹತ್ತನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದ್ದನ್ನು ಶಾಲೆಯ ದಾಖಲೆ ಹೇಳುತ್ತದೆ, ಸರ್ಕಾರಿ ಹಾಸ್ಟೆಲಿನಲ್ಲಿ ಇದ್ದದ್ದನ್ನು ನಿಲಯಪಾಲಕರ ಹಾಜರಿ ಪುಸ್ತಕ ಹೇಳುತ್ತದೆ. ಇವುಗಳನ್ನು ತಿರುಚುವುದು ಆದಾಯದ ಮೊತ್ತವನ್ನು ತಿರುಚುವುದಕ್ಕಿಂತ ಕಷ್ಟ.

ಅಗತ್ಯವನ್ನಷ್ಟೇ ನೋಡುವ ಪದ್ಧತಿ ಹೊರನಾಡಿನ ಕನಸೇನೂ ಅಲ್ಲ. 2010ರ ರಾಜ್ಯ ಕಾಯ್ದೆಯಿಂದ ಹುಟ್ಟಿದ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಪ್ರವೇಶವನ್ನು ಒಂದು ಕಡೆ ನಿರ್ಧರಿಸಿ, ಕುಟುಂಬದ ಸ್ಥಿತಿಯನ್ನು ನೋಡಿ ಬೋಧನಾ ಶುಲ್ಕದ ಜೊತೆಗೆ ವಸತಿ ಮತ್ತು ಊಟದ ವೆಚ್ಚದಲ್ಲೂ ಪೂರ್ಣ ಅಥವಾ ಭಾಗಶಃ ನೆರವು ನೀಡುತ್ತ ಬಂದಿದೆ. ಅಮೆರಿಕದಲ್ಲಿ ಐವಿ ಲೀಗ್ ಎಂದು ಹೆಸರಾದ ಎಂಟು ಖಾಸಗಿ ವಿಶ್ವವಿದ್ಯಾಲಯಗಳು ಐವತ್ತರ ದಶಕದಿಂದಲೂ ಪರಸ್ಪರ ಒಪ್ಪಿಕೊಂಡು ಪ್ರತಿಭಾ ವೇತನವನ್ನು ಕೊಡದೆ ಅಗತ್ಯವೊಂದನ್ನೇ ಆಧಾರವಾಗಿ ಇಟ್ಟುಕೊಂಡಿವೆ. ಅಲ್ಲಿಗೆ ಬರುವವರೆಲ್ಲರೂ ಪ್ರತಿಭಾವಂತರೇ ಆದ್ದರಿಂದ ಅಂಕಕ್ಕೆ ಹಣ ಕೊಡಲು ಹೊರಟರೆ ಸಂಸ್ಥೆಗಳು ಒಂದರ ಮೇಲೊಂದು ಬಿದ್ದು ಶ್ರೀಮಂತರ ಮಕ್ಕಳಿಗೆ ಹರಾಜು ಕೂಗಿದಂತಾಗುತ್ತದೆ ಎಂಬುದು ಅವುಗಳ ತರ್ಕ. ಈ ಒಪ್ಪಂದ ಪೈಪೋಟಿಗೆ ಅಡ್ಡಿಯೆಂದು 1991ರಲ್ಲಿ ಅಲ್ಲಿನ ನ್ಯಾಯ ಇಲಾಖೆ ಮೊಕದ್ದಮೆ ಹೂಡಿದಾಗ ಎಂಟೂ ಸಂಸ್ಥೆಗಳು ರಾಜಿ ಮಾಡಿಕೊಂಡರೆ, ಅವುಗಳೊಂದಿಗೆ ಒಪ್ಪಂದದಲ್ಲಿದ್ದ ಎಂಐಟಿ ಮಾತ್ರ ನ್ಯಾಯಾಲಯದಲ್ಲಿ ಹೋರಾಡಿತು. ಇದಕ್ಕೆ ವ್ಯತಿರಿಕ್ತವಾಗಿ, 1993ರಲ್ಲಿ ಜಾರ್ಜಿಯಾ ರಾಜ್ಯ ಲಾಟರಿ ಹಣದಿಂದ ಆರಂಭಿಸಿದ ಹೋಪ್ ಎಂಬ ಅಂಕಾಧಾರಿತ ವೇತನವನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞೆ ಸೂಸನ್ ಡೈನಾರ್ಸ್ಕಿಯವರು, ಕಾಲೇಜು ಸೇರುವವರಲ್ಲಿ ಬಡವ-ಬಲ್ಲಿದರ ಮತ್ತು ಕರಿಯ-ಬಿಳಿಯರ ಅಂತರ ಅದರಿಂದ ಹೆಚ್ಚಿತೆಂದು ತೋರಿಸಿದರು.

ನೆರವು ಯಾವ ಬಗೆಯದು ಎಂಬುದರಷ್ಟೇ, ಅದನ್ನು ಯಾವಾಗ ಹೇಳಲಾಗುತ್ತದೆ ಎಂಬುದೂ ಮುಖ್ಯ. ಇದೇ ಡೈನಾರ್ಸ್ಕಿ ಮತ್ತು ಸಹೋದ್ಯೋಗಿಗಳು ಸರ್ಕಾರಿ ವಲಯದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಪ್ರಯೋಗವೊಂದು ಈ ಭಾಗದ ಪಾಲಕರು ತಿಳಿಯಲೇಬೇಕಾದದ್ದು. ಚೆನ್ನಾಗಿ ಓದುವ ಬಡ ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ, ಪ್ರವೇಶ ಸಿಕ್ಕರೆ ನಾಲ್ಕು ವರ್ಷ ಬೋಧನಾ ಶುಲ್ಕವಿಲ್ಲ, ಅದಕ್ಕಾಗಿ ಯಾವ ಆದಾಯದ ಅರ್ಜಿಯನ್ನೂ ತುಂಬಬೇಕಿಲ್ಲ ಎಂಬ ಪತ್ರವನ್ನು ಮೊದಲೇ ಕಳುಹಿಸಲಾಯಿತು. ಇನ್ನೊಂದು ಗುಂಪಿನವರಿಗೂ ಅರ್ಜಿ ಹಾಕಿದರೆ ಬಹುತೇಕ ಅಷ್ಟೇ ನೆರವು ಸಿಗುತ್ತಿತ್ತು, ಆದರೆ ಮುಂಗಡ ಭರವಸೆ ಇರಲಿಲ್ಲ. ಪತ್ರ ಪಡೆದವರಲ್ಲಿ ಶೇಕಡ 68 ಮಂದಿ ಅರ್ಜಿ ಹಾಕಿದರೆ ಪಡೆಯದವರಲ್ಲಿ ಹಾಕಿದವರು ಶೇಕಡ 26; ಸೇರಿದವರ ಪ್ರಮಾಣ ಕ್ರಮವಾಗಿ ಶೇಕಡ 27 ಮತ್ತು 12. ಹೆಚ್ಚಿನ ಹಣವಿಲ್ಲದೆ, ಮಾತನ್ನು ಮೊದಲೇ ಕೊಟ್ಟದ್ದರಿಂದ ಇಷ್ಟು ವ್ಯತ್ಯಾಸವಾಯಿತು. ಇಲ್ಲಿನ ಕ್ರಮ ಇದಕ್ಕೆ ತದ್ವಿರುದ್ಧವಾಗಿದ್ದು, ಪ್ರವೇಶ ಶುಲ್ಕವನ್ನು ಮೊದಲು ಕಟ್ಟಿ, ಆಮೇಲೆ ನೆರವಿಗೆ ಅರ್ಜಿ ಹಾಕಿ, ಮಂಜೂರಾದ ಹಣ ಖಾತೆಗೆ ಬೀಳುವವರೆಗೆ ಕಾಯಬೇಕು. ಆ ನಡುವಿನ ತಿಂಗಳುಗಳಿಗೆ ಸಾಲ ಎತ್ತಬಲ್ಲ ಕುಟುಂಬ ಮಾತ್ರ ಕೊನೆಗೆ ನೆರವು ಪಡೆಯುತ್ತದೆ.

ಸಾಲವನ್ನೇ ನೆರವೆಂದು ಕರೆಯುವ ರೂಢಿಗೂ ಇಲ್ಲಿ ಆಕ್ಷೇಪವಿದೆ. 2024ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯು ವಾರ್ಷಿಕ ಆದಾಯ ಎಂಟು ಲಕ್ಷದವರೆಗಿನ ಕುಟುಂಬಗಳಿಗೆ ಹತ್ತು ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲದ ಮೇಲೆ ಶೇಕಡ 3ರ ಬಡ್ಡಿ ರಿಯಾಯಿತಿ ನೀಡುತ್ತದೆ. ಉಪಯುಕ್ತವಾದ ಯೋಜನೆಯೇ, ಆದರೆ ಅಸಲು ಅಸಲಾಗಿಯೇ ಉಳಿಯುತ್ತದೆ. ಕೊಳವೆಬಾವಿಯ ಸಾಲ ಇನ್ನೂ ತೀರದ ಮನೆಯಲ್ಲಿ ಹತ್ತೊಂಬತ್ತರ ಹುಡುಗಿಯ ಹೆಸರಿನಲ್ಲಿ ಹತ್ತು ಲಕ್ಷದ ಸಾಲ ತೆಗೆಯಲು ತಂದೆ ಹಿಂಜರಿಯುವುದನ್ನು ತಿಳಿವಳಿಕೆಯ ಕೊರತೆಯೆಂದು ಬರೆಯುವವರು ಆ ಮನೆಯ ಲೆಕ್ಕವನ್ನು ನೋಡಿದವರಲ್ಲ.

ಉಳಿಯುವುದು ಹಣದ ಮೂಲದ ಪ್ರಶ್ನೆ. ದೊಡ್ಡ ಇಡುಗಂಟಿನ ಬೆಂಬಲವಿರುವ ಸಂಸ್ಥೆಗಳು ಅಗತ್ಯಾಧಾರಿತ ನೆರವು ಕೊಡಬಲ್ಲವು, ಶುಲ್ಕದಿಂದಲೇ ನಡೆಯುವ ಸಂಸ್ಥೆಗಳು ಹೇಗೆ ಕೊಡಬೇಕು ಎಂದು ಖಾಸಗಿ ವಲಯದವರು ಕೇಳುತ್ತಾರೆ. ಇಡುಗಂಟಿನ ಬೆಲೆ ಈ ದತ್ತಿಯ ಸಂಸ್ಥಾಪಕರಿಗೆ ತಿಳಿದಿದ್ದುದರಿಂದಲೇ ಅವರು ಖರ್ಚಾಗಿಹೋಗುವ ದೇಣಿಗೆಯ ಬದಲು ಉಳಿಯುವ ದತ್ತಿಯನ್ನು ಕೊಟ್ಟರು. ಆದರೆ ಶುಲ್ಕದಿಂದ ನಡೆಯುವ ಸಂಸ್ಥೆಗಳೂ ಈಗಾಗಲೇ ಶುಲ್ಕದ ಒಂದು ಭಾಗವನ್ನು ರ್‍ಯಾಂಕಿನ ರಿಯಾಯಿತಿಗಾಗಿ ಬಿಟ್ಟುಕೊಡುತ್ತಿವೆ. ಹೊಸ ಹಣ ತರುವ ಮಾತು ಇಲ್ಲಿಲ್ಲ, ಇರುವ ಹಣವನ್ನು ಯಾರಿಗೆ ಕೊಡಬೇಕೆಂಬುದಷ್ಟೇ ಪ್ರಶ್ನೆ. ರಿಯಾಯಿತಿ ನಿಂತರೆ ಒಳ್ಳೆಯ ರ್‍ಯಾಂಕಿನವರು ಬೇರೆಡೆಗೆ ಹೋಗುತ್ತಾರೆಂಬ ಭಯ ಒಂಟಿ ಸಂಸ್ಥೆಯ ಮಟ್ಟಿಗೆ ನಿಜವಾದ್ದರಿಂದ, ಪರಿಹಾರ ಎಲ್ಲರಿಗೂ ಒಮ್ಮೆಗೇ ಅನ್ವಯವಾಗುವ ಕಾನೂನಿನಿಂದ ಬರಬೇಕು. ಪ್ರತಿ ಖಾಸಗಿ ವಿಶ್ವವಿದ್ಯಾಲಯವೂ ಹಿಂದಿನ ವರ್ಷ ಅಂಕ ನೋಡಿ ಬಿಟ್ಟುಕೊಟ್ಟ ಶುಲ್ಕದ ಮೊತ್ತ ಮತ್ತು ಅಗತ್ಯ ನೋಡಿ ಕೊಟ್ಟ ನೆರವಿನ ಮೊತ್ತ ಇವೆರಡನ್ನೂ, ನೆರವು ಪಡೆದವರಲ್ಲಿ ಸರ್ಕಾರಿ ಶಾಲೆಯಿಂದ ಬಂದವರ ಸಂಖ್ಯೆಯೊಂದಿಗೆ, ಪ್ರವೇಶ ಆರಂಭಕ್ಕೆ ಮುನ್ನ ಪ್ರಕಟಿಸಬೇಕೆಂದು ಎಲ್ಲ ವಿಶ್ವವಿದ್ಯಾಲಯಗಳ ಕಾಯ್ದೆಗಳಿಗೂ ಒಟ್ಟಿಗೆ ತಿದ್ದುಪಡಿ ತರಬಹುದು. ಅರ್ಹ ಕುಟುಂಬಕ್ಕೆ ನಾಲ್ಕು ವರ್ಷಗಳ ನೆರವಿನ ಲಿಖಿತ ಭರವಸೆಯನ್ನು ದ್ವಿತೀಯ ಪಿಯುಸಿ ಪರೀಕ್ಷೆಗೆ ಮುಂಚೆಯೇ ಕೊಡುವಂತೆಯೂ, ಆ ಪತ್ರ ಕನ್ನಡದಲ್ಲಿ, ಹಾಸ್ಟೆಲ್ ಮತ್ತು ಮೆಸ್ ಸೇರಿ ಮನೆಯವರು ಕಟ್ಟಬೇಕಾದ ಒಟ್ಟು ಮೊತ್ತವನ್ನು ಒಂದೇ ಸಾಲಿನಲ್ಲಿ ತೋರಿಸಿ, ವಿದ್ಯಾರ್ಥಿ ಓದುತ್ತಿರುವ ಪಿಯು ಕಾಲೇಜಿನ ಮೂಲಕ ತಲುಪುವಂತೆಯೂ ಅದೇ ತಿದ್ದುಪಡಿಯಲ್ಲಿ ಸೇರಿಸಬಹುದು.